ಟೆಲೊಮಿಯರ್ ಉದ್ದ ಮಾಡುವ ಮಾತ್ರೆಯಂತೆ, ಅಪ್ಪನಿಗೆ ಕೊಡಬಹುದಾ?

ಕೆರೆಏರಿ ಕೇಳಿದ ಪ್ರಶ್ನೆ

ಅಪ್ಪನಿಗೆ 67. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮೂರು ವರ್ಷದ ಹಿಂದೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಆಪರೇಷನ್ ಆಯಿತು, ಕೀಮೋ ಆಯಿತು. ಈಗ ಆರಾಮಾಗಿದ್ದಾರೆ. ಬೆಳಿಗ್ಗೆ ವಾಕಿಂಗ್, ಆಮೇಲೆ ಪೇಪರ್, ಆಮೇಲೆ ಸುಡೊಕು.

ವಾಕಿಂಗ್‌ನಲ್ಲೇ ತಾಪತ್ರಯ ಶುರುವಾಗಿದ್ದು. ಜೊತೆಗೆ ನಡೆಯುವ ಸ್ನೇಹಿತರೊಬ್ಬರು ಎರಡು ಡಬ್ಬಿ ಮಾತ್ರೆ ಹಿಡಿಸಿದ್ದಾರೆ. ತಿಂಗಳಿಗೆ ಒಂದು ಡಬ್ಬಿ, ಡಬ್ಬಿಗೆ 4,800 ರೂಪಾಯಿ. ಯಾವುದೋ ಬೇರಿನ ಸಾರವಂತೆ. ಟೆಲೊಮರೇಸ್ ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ, ಕೋಶದೊಳಗಿನ ಡಿಎನ್‌ಎ ಎಳೆಗಳ ತುದಿಯಲ್ಲಿರುವ ಟೆಲೊಮಿಯರ್ ಉದ್ದವಾಗುತ್ತದೆ, ವಯಸ್ಸು ಹಿಂದಕ್ಕೆ ಹೋಗುತ್ತದೆ, ಇದು ನೊಬೆಲ್ ಬಂದ ವಿಜ್ಞಾನ ಅಂತೆಲ್ಲ ಕರಪತ್ರದಲ್ಲಿದೆ.

ರಾತ್ರಿ ಕೂತು ಹುಡುಕಿದೆ. ಕ್ಯಾನ್ಸರ್ ಕೋಶಗಳು ಸಾಯದೆ ಇರುವುದಕ್ಕೂ ಇದೇ ಟೆಲೊಮರೇಸ್ ಬೇಕು ಅಂತ ಓದಿ ಎದೆ ಧಸಕ್ಕೆಂದಿತು. ನಾನು ಬಿಕಾಂ ಓದಿದವನು. ಯಾರಾದರೂ ಸರಿಯಾಗಿ ತಿಳಿಸಿ ಹೇಳ್ತೀರಾ? ಒಂದು ಡಬ್ಬಿ ಆಗಲೇ ಒಡೆದು ಆರು ಮಾತ್ರೆ ನುಂಗಿದ್ದಾರೆ.

ಮೊಸರನ್ನ

ನೊಬೆಲ್ ಬಂದಿದ್ದು ನಿಜ. 2009ರಲ್ಲಿ, ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಸೊಸ್ಟಾಕ್ ಮೂವರಿಗೆ. ಆದರೆ ಅದು ಮಾತ್ರೆಗೆ ಬಂದಿದ್ದಲ್ಲ ಮಾರಾಯ್ರೆ. ಗುರುತ್ವಾಕರ್ಷಣೆಯ ಹೆಸರು ಹೇಳಿ ಸೇಬು ಮಾರಿದ ಹಾಗಾಯ್ತು. ಉಳಿದದ್ದನ್ನು ಗೊತ್ತಿರುವವರು ಹೇಳಲಿ. ಪಿಪೆಟ್ ಅಕ್ಕ ಇದ್ದೀರಾ?

ಪಿಪೆಟ್ಅಕ್ಕ

ಇದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹದಿನಾಲ್ಕು ವರ್ಷದಿಂದ ಬೆಂಗಳೂರಿನ ಲ್ಯಾಬೊಂದರಲ್ಲಿ ಜೀವಕೋಶ ಸಾಕುತ್ತಿದ್ದೇನೆ. ಕೆಲವರು ಹಸು ಸಾಕುತ್ತಾರೆ, ನಾನು ಇದನ್ನು. ಮಾತ್ರೆಯನ್ನು ಅಪ್ಪನ ಕ್ಯಾನ್ಸರ್ ಡಾಕ್ಟರಿಗೆ ತೋರಿಸುವ ತನಕ ನಿಲ್ಲಿಸಿ. ಆರು ನುಂಗಿದ್ದಕ್ಕೆ ಗಾಬರಿ ಬೇಡ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಮ್ಮ ಇನ್‌ಕ್ಯುಬೇಟರಿನ ಮೇಲಿನ ತಟ್ಟೆಯಲ್ಲಿ ಮನುಷ್ಯರ ಚರ್ಮದ ಕೋಶಗಳಿವೆ. ಅಂಗೈ ಅಗಲದ ಪ್ಲಾಸ್ಟಿಕ್ ಫ್ಲಾಸ್ಕು, ಒಳಗೆ ರೋಸ್‌ಮಿಲ್ಕ್ ಬಣ್ಣದ ದ್ರವ, 37 ಡಿಗ್ರಿ ಬಿಸಿ. ಊಟ ಮುಗಿಯುತ್ತಾ ಬಂದರೆ ದ್ರವ ಹಳದಿಗೆ ತಿರುಗುತ್ತದೆ. ಫ್ಲಾಸ್ಕಿನ ತಳ ತುಂಬಿದ ಮೇಲೆ ಕೋಶಗಳನ್ನು ಕಿತ್ತು, ಅರ್ಧ ತೆಗೆದು, ಉಳಿದರ್ಧವನ್ನು ಹೊಸ ಫ್ಲಾಸ್ಕಿಗೆ ಹಾಕುತ್ತೇನೆ. ಅವು ಮತ್ತೆ ತುಂಬಿಕೊಂಡರೆ ಒಂದು ಸಲ ಇಮ್ಮಡಿಯಾದ ಲೆಕ್ಕ. ಮಾರ್ಕರಿನಲ್ಲಿ ನಂಬರ್ ಬರೆದಿಡುತ್ತೇನೆ. ಹದಿನೈದು, ಹದಿನಾರು ಹೀಗೆ. ಆಗ ಎರಡು ಮೂರು ದಿನಕ್ಕೆಲ್ಲ ತುಂಬುತ್ತವೆ. ನಲವತ್ತು ದಾಟಿದರೆ ವಾರ ಬೇಕು. ಐವತ್ತರ ಸುಮಾರಿಗೆ ನಿಂತೇ ಹೋಗುತ್ತವೆ. ಸಾಯುವುದಿಲ್ಲ. ಕಾವಲಿ ಮೇಲೆ ತೆಳ್ಳಗೆ ಎಳೆದ ದೋಸೆ ಹಿಟ್ಟಿನ ಹಾಗೆ ಅಗಲವಾಗಿ ಹರಡಿಕೊಂಡು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತವೆ. ತಿನ್ನುತ್ತವೆ, ಇಬ್ಭಾಗ ಆಗುವುದಿಲ್ಲ ಅಷ್ಟೇ.

ಇದನ್ನು ಮೊದಲು ಸರಿಯಾಗಿ ತೋರಿಸಿದವರು ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, 1961ರಲ್ಲಿ. ಅದಕ್ಕೂ ಮೊದಲು ಕೋಶಗಳನ್ನು ಸರಿಯಾಗಿ ನೋಡಿಕೊಂಡರೆ ಅವಕ್ಕೆ ಸಾವೇ ಇಲ್ಲ ಅಂತ ಎಲ್ಲರೂ ನಂಬಿದ್ದರು. ಅಲೆಕ್ಸಿ ಕ್ಯಾರೆಲ್ ಅನ್ನುವ ದೊಡ್ಡ ವಿಜ್ಞಾನಿ 1912ರಿಂದ ಕೋಳಿಯ ಹೃದಯದ ಕೋಶ ಸಾಕುತ್ತಿದ್ದೇನೆ ಎಂದಿದ್ದರು. ಬೇರೆಯವರ ಕೋಶ ನಿಂತುಹೋದರೆ ಕೈಗುಣ ಸರಿಯಿಲ್ಲ ಅಂದುಕೊಳ್ಳುತ್ತಿದ್ದರು. ಪಾಪ, ಎಷ್ಟು ಜನ ಟೆಕ್ನಿಷಿಯನ್ನರು ಬೈಸಿಕೊಂಡರೋ.

ಕೆಳಗಿನ ತಟ್ಟೆಯಲ್ಲಿರುವುದು ಹೀಲಾ ಕೋಶ. 1951ರಲ್ಲಿ ಬಾಲ್ಟಿಮೋರಿನ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದಿದ್ದು. ಅದೇ ವರ್ಷ ಅವರು ತೀರಿಕೊಂಡರು. ಕೋಶಗಳು ಇವತ್ತಿಗೂ ಬೆಳೆಯುತ್ತಲೇ ಇವೆ. ಅದರ ಫ್ಲಾಸ್ಕಿನ ಮೇಲೆ ನಂಬರ್ ಬರೆಯುವುದಕ್ಕೆ ಅರ್ಥವೇ ಇಲ್ಲ.

ಈಗ ನನ್ನದೇ ಒಂದು ಮಾನ ಹೋದ ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ನನ್ನ ಚರ್ಮದ ಕೋಶಗಳು ನಲವತ್ತು ದಾಟಿ ಏದುಸಿರು ಬಿಡುತ್ತಿದ್ದವು. ಒಂದು ಸೋಮವಾರ ನೋಡುತ್ತೇನೆ, ಫ್ಲಾಸ್ಕು ತುಂಬಿ ತುಳುಕುತ್ತಿದೆ! ಗುರುವಾರ ಮತ್ತೆ ತುಂಬಿತು. ಅಜ್ಜಿಗೆ ಪ್ರಾಯ ಬಂತು ಅಂತ ಲ್ಯಾಬೆಲ್ಲ ಹೇಳಿಕೊಂಡು ಬಂದೆ. ಹೊಸ ದ್ರವದ ಗುಣ ಇರಬೇಕು ಅಂದುಕೊಂಡೆ. ಡಿಎನ್‌ಎ ಗುರುತು ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ: ಹೀಲಾ. ಎರಡಕ್ಕೂ ಒಂದೇ ಬಾಟಲಿಯಿಂದ ದ್ರವ ಹಾಕಿದ್ದೆ. ಒಂದು ಹನಿ ಸಾಕು, ಕೆಲವೇ ವಾರದಲ್ಲಿ ಮನೆಯೆಲ್ಲ ಅವರದ್ದೇ. ನಾಲ್ಕು ತಿಂಗಳ ಕೆಲಸ ಆಟೋಕ್ಲೇವಿಗೆ, ಅಂದರೆ ಬಿಸಿ ಆವಿಯಲ್ಲಿ ಎಲ್ಲವನ್ನೂ ಕೊಲ್ಲುವ ಪಾತ್ರೆಗೆ, ಹೋಯಿತು. ಯೌವನ ಅಂತ ನಾನು ಹಿಗ್ಗಿದ್ದು ಕ್ಯಾನ್ಸರನ್ನು ನೋಡಿ. ಆ ಕರಪತ್ರದ ಬಗ್ಗೆ ನೀವು ಬರೆದದ್ದು ಓದಿ ನನಗೆ ಆ ಸೋಮವಾರವೇ ನೆನಪಾಯಿತು.

ಇನ್ನು ಒಳಗಿನ ವಿಷಯ. ಸೀರೆ ಸೆರಗಿಗೆ ದಾರ ಬಿಚ್ಚಿಕೊಳ್ಳದ ಹಾಗೆ ಕುಚ್ಚು ಹಾಕಿಸುತ್ತೇವಲ್ಲ, ವರ್ಣತಂತುವಿನ, ಅಂದರೆ ಡಿಎನ್‌ಎ ಎಳೆಯ, ಎರಡೂ ತುದಿಗೆ ಇರುವ ಕುಚ್ಚೇ ಟೆಲೊಮಿಯರ್. ಟಿಟಿಎಜಿಜಿಜಿ ಅನ್ನುವ ಆರು ಅಕ್ಷರ, ಸಾವಿರಾರು ಸಲ ಅದೇ ಅದೇ. ಹುಟ್ಟಿದಾಗ ಸುಮಾರು 10,000 ಅಕ್ಷರದಷ್ಟು ಉದ್ದ ಇರುತ್ತದೆ. ಕೋಶ ಒಡೆದು ಎರಡಾಗುವ ಮೊದಲು ಡಿಎನ್‌ಎಯ ನಕಲು ತೆಗೆಯಬೇಕು. ನಕಲು ಮಾಡುವ ಯಂತ್ರಕ್ಕೆ ತುದಿಯ ತನಕ ಹೋಗಲು ಆಗುವುದಿಲ್ಲ. ಅಂಗಳ ಸಾರಿಸುವವಳಿಗೆ ತಾನು ಕಾಲೂರಿದ ಜಾಗ ಸಾರಿಸಲು ಆಗುತ್ತದಾ? ಹಾಗೆ. ಪ್ರತಿ ಸಲ ಐವತ್ತು ನೂರು ಅಕ್ಷರ ಬಿಟ್ಟುಹೋಗುತ್ತದೆ. ಕುಚ್ಚು ತೀರಾ ಗಿಡ್ಡವಾದಾಗ ಕೋಶ ಅದನ್ನು ಹರಿದ ದಾರ ಎಂದು ತಿಳಿದು ಕೆಲಸ ನಿಲ್ಲಿಸುತ್ತದೆ. ನನ್ನ ದೋಸೆ ಕೋಶಗಳು ಅವೇ.

ಟೆಲೊಮರೇಸ್ ಅಂದರೆ ಕುಚ್ಚು ಕಟ್ಟುವ ಕಿಣ್ವ. ಅಳತೆಯ ಮಾದರಿ ಅದರ ಕೈಯಲ್ಲೇ ಇರುತ್ತದೆ, ಒಂದು ಚೂರು ಆರ್‌ಎನ್‌ಎ. ಅದನ್ನು ನೋಡಿಕೊಂಡು ಆರಾರೇ ಅಕ್ಷರ ಕಟ್ಟುತ್ತಾ ಹೋಗುತ್ತದೆ. 1984ರ ಕ್ರಿಸ್‌ಮಸ್ ದಿನ ಗ್ರೈಡರ್ ಲ್ಯಾಬಿಗೆ ಹೋಗಿ ಫಿಲ್ಮ್ ತೊಳೆದು ನೋಡಿದರೆ ಆರಾರು ಅಕ್ಷರದ ಮೆಟ್ಟಿಲು ಸಾಲಾಗಿ ಮೂಡಿತ್ತು. ಕೆರೆ ನೀರಿನಲ್ಲಿ ಈಜುವ ಟೆಟ್ರಾಹೈಮಿನಾ ಅನ್ನುವ ಒಂಟಿಕೋಶದ ಜೀವಿಯಲ್ಲಿ. ಆಗ ಅವರಿನ್ನೂ ವಿದ್ಯಾರ್ಥಿನಿ. ರಜಾ ದಿನ ಲ್ಯಾಬಿಗೆ ಹೋಗುವವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಇವರೊಬ್ಬರನ್ನು ಬಿಟ್ಟು.

ನಮ್ಮ ಮೈಯ ಹೆಚ್ಚಿನ ಕೋಶಗಳಲ್ಲಿ ಈ ಕಿಣ್ವ ಬಂದ್ ಆಗಿರುತ್ತದೆ. ವೀರ್ಯ, ಅಂಡ ತಯಾರಾಗುವಲ್ಲಿ, ಭ್ರೂಣದಲ್ಲಿ ಜೋರಾಗಿರುತ್ತದೆ. ರಕ್ತ ಹುಟ್ಟಿಸುವ ಮೂಲಕೋಶಗಳಲ್ಲಿ ಅಲ್ಪಸ್ವಲ್ಪ. ಕ್ಯಾನ್ಸರುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಇದನ್ನು ಮತ್ತೆ ಎಬ್ಬಿಸಿಕೊಂಡಿರುತ್ತವೆ. ಉಳಿದವು ಒಂದು ವರ್ಣತಂತುವಿನ ಕುಚ್ಚು ನೋಡಿ ಇನ್ನೊಂದಕ್ಕೆ ಕಟ್ಟುವಂಥ ಬೇರೆ ಉಪಾಯ ಮಾಡುತ್ತವೆ.

ಇಲ್ಲಿ ಒಂದು ಸಿಕ್ಕು ಇದೆ. ಟೆಲೊಮರೇಸ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಬರುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಸಾಮಾನ್ಯ ಚರ್ಮದ ಕೋಶಕ್ಕೆ ಇದರ ಜೀನ್ ಸೇರಿಸಿದರು. ಕೋಶಗಳು ತಮ್ಮ ಮಿತಿ ದಾಟಿ ಬೆಳೆಯುತ್ತಲೇ ಹೋದವು. ಆದರೂ ಗಡ್ಡೆಯ ಗುಣ ಬರಲಿಲ್ಲ. ಅಡ್ಡದಾರಿ ಹಿಡಿಯಲು ಬೇರೆ ಜೀನುಗಳು ಕೆಡಬೇಕು. ಆದರೆ ಅಡ್ಡದಾರಿ ಹಿಡಿದ ಕೋಶಕ್ಕೆ ಕುಚ್ಚು ತೀರಿಹೋಗುವುದೇ ಒಂದು ತಡೆ. ಆ ತಡೆಯನ್ನು ಟೆಲೊಮರೇಸ್ ತೆಗೆದುಹಾಕುತ್ತದೆ. ತಮಾಷೆ ಏನೆಂದರೆ ಕುಚ್ಚು ತೀರಾ ಸವೆದರೂ ಅಪಾಯವೇ. ಪಿ53 ಅನ್ನುವ ಕಾವಲುಗಾರ ಕೆಟ್ಟಿದ್ದರೆ ಕೋಶ ನಿಲ್ಲದೆ ಒಡೆಯುತ್ತದೆ, ಬೋಳು ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಳೆದಾಗ ಎಲ್ಲೆಲ್ಲೋ ಹರಿಯುತ್ತವೆ. ಬಹುಪಾಲು ಕೋಶ ಸಾಯುತ್ತವೆ. ಲಕ್ಷದಲ್ಲೊಂದು ಆ ಗಲಾಟೆಯಲ್ಲೇ ಟೆಲೊಮರೇಸ್ ಎಬ್ಬಿಸಿಕೊಂಡು ಬದುಕಿಬಿಡುತ್ತದೆ. ಅದೇ ಮುಂದೆ ತೊಂದರೆ ಕೊಡುವುದು.

ಅದಕ್ಕೇ ಆರು ಮಾತ್ರೆಗೆ ಗಾಬರಿ ಬೇಡ ಅಂದಿದ್ದು. ಬೇರಿನ ಸಾರದ ಒಂದು ವಾರದ ಮಾತ್ರೆ ಕೋಶದೊಳಗೆ ಅಷ್ಟು ದೊಡ್ಡ ಕ್ರಾಂತಿ ಮಾಡುವುದಿಲ್ಲ. ಕೆಲಸ ಮಾಡದಿದ್ದರೆ 4,800 ದಂಡ. ನಿಜವಾಗಿ ಕೆಲಸ ಮಾಡುವುದಾದರೆ ಕ್ಯಾನ್ಸರ್ ಆಗಿ ವಾಸಿಯಾದವರು ನುಂಗಬೇಕಾ ಅಂತ ಕರಪತ್ರ ಕೊಟ್ಟವರನ್ನೇ ಕೇಳಿ.

ಬಾಳೆಕಾಯಿಬಜ್ಜಿ

ಅಕ್ಕ, ಕುಚ್ಚು ಉದ್ದ ಇದ್ದಷ್ಟೂ ಆಯಸ್ಸು ಜಾಸ್ತಿ ಅನ್ನುವುದಾದರೂ ನಿಜವಾ? ನಮ್ಮ ಮಗಳ ಪುಸ್ತಕದಲ್ಲಿ ಹಾಗೇ ಇದೆ.

ಪಿಪೆಟ್ಅಕ್ಕ

ಇಲಿಯನ್ನು ನೋಡಿ. ಲ್ಯಾಬಿನ ಇಲಿಗಳ ಟೆಲೊಮಿಯರ್ ನಮ್ಮದಕ್ಕಿಂತ ಹಲವು ಪಟ್ಟು ಉದ್ದ, ಮೈತುಂಬ ಟೆಲೊಮರೇಸ್. ಬದುಕುವುದು ಎರಡು ಮೂರು ವರ್ಷ. ಇಲಿ, ಅಳಿಲಿನಂಥ ದಂಶಕ ಪ್ರಾಣಿಗಳನ್ನು ಹೋಲಿಸಿ 2007ರಲ್ಲಿ ಒಂದು ಚಂದದ ಕೆಲಸ ಬಂತು. ಟೆಲೊಮರೇಸ್ ಬಂದ್ ಆಗಿರುವುದು ಆಯಸ್ಸು ನೋಡಿ ಅಲ್ಲವಂತೆ, ಮೈಗಾತ್ರ ನೋಡಿ. ದೊಡ್ಡ ಮೈಯ ಬೀವರ್, ಕ್ಯಾಪಿಬಾರಾದಲ್ಲಿ ಬಂದ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬದುಕಬಲ್ಲ ಅಮೆರಿಕದ ಬೂದು ಅಳಿಲಿನಲ್ಲಿ ಚಾಲೂ. ದೊಡ್ಡ ಮೈ ಅಂದರೆ ಕೋಶ ಜಾಸ್ತಿ, ದಾರಿ ತಪ್ಪುವ ಅವಕಾಶವೂ ಜಾಸ್ತಿ, ಅದಕ್ಕೇ ಬ್ರೇಕ್ ಬೇಕು.

ಮನುಷ್ಯರಲ್ಲೂ ಅಷ್ಟೇ. ಹುಟ್ಟಿನಿಂದಲೇ ಕುಚ್ಚು ಉದ್ದ ಇರುವ ಜೀನುಗಳುಳ್ಳವರಿಗೆ ಹೃದ್ರೋಗದ ಅಪಾಯ ಕಡಿಮೆ, ಆದರೆ ಚರ್ಮದ ಮೆಲನೋಮ, ಮೆದುಳಿನ ಗ್ಲಿಯೋಮದಂಥ ಕೆಲವು ಕ್ಯಾನ್ಸರುಗಳ ಅಪಾಯ ಜಾಸ್ತಿ ಅಂತ 2017ರ ದೊಡ್ಡ ಲೆಕ್ಕಾಚಾರದಲ್ಲಿ ಕಂಡಿತು. ಇನ್ನೊಂದು, ನರಕೋಶ ಮತ್ತು ಹೃದಯದ ಸ್ನಾಯುಕೋಶ ಒಡೆಯುವುದೇ ತೀರಾ ಅಪರೂಪ. ಮರೆವಿಗೆಲ್ಲ ಈ ಕುಚ್ಚನ್ನೇ ದೂರಬೇಡಿ.

ಕೆರೆಏರಿ

ಅಕ್ಕ, ದೊಡ್ಡ ಉಪಕಾರ ಆಯ್ತು. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಅಂಗಳ ಸಾರಿಸುವ ಲೆಕ್ಕ ಬಹಳ ಹಿಡಿಸಿತು. ತಕ್ಷಣ 10,000ವನ್ನು ನೂರರಿಂದ ಭಾಗಿಸಿ 'ನೂರು ಸಲ ಆಗಬೇಕಲ್ಲ, ಐವತ್ತಕ್ಕೇ ಯಾಕೆ ನಿಲ್ಲುತ್ತೆ?' ಅಂತ ಕೇಳುತ್ತಿದ್ದಾರೆ. ಇನ್ನೊಂದು, ಅದೇ ಸ್ನೇಹಿತರು ರಕ್ತ ಪರೀಕ್ಷೆ ಮಾಡಿಸಿದರೆ ನಿಜವಾದ ವಯಸ್ಸು ಗೊತ್ತಾಗುತ್ತದೆ ಅಂತಿದ್ದಾರೆ.

ಪಿಪೆಟ್ಅಕ್ಕ

ಮೇಷ್ಟ್ರಿಗೆ ನಮಸ್ಕಾರ ಹೇಳಿ, ಒಳ್ಳೆಯ ಪ್ರಶ್ನೆ. ಕುಚ್ಚು ಪೂರ್ತಿ ಖಾಲಿಯಾಗುವ ತನಕ ಕೋಶ ಕಾಯುವುದಿಲ್ಲ. ನಮ್ಮ ಒಂದು ಕೋಶದಲ್ಲಿ 46 ವರ್ಣತಂತು, ಅಂದರೆ 92 ತುದಿ. ಎಲ್ಲದರ ಉದ್ದ ಒಂದೇ ಅಲ್ಲ. ಸರಾಸರಿ ಚೆನ್ನಾಗಿದ್ದರೂ ಕೆಲವೇ ತುದಿ ತೀರಾ ಗಿಡ್ಡವಾದರೆ ಗಂಟೆ ಹೊಡೆದುಬಿಡುತ್ತದೆ.

ಪರೀಕ್ಷೆಗೂ ಇದೇ ತೊಂದರೆ. ಅದು ಸಾಮಾನ್ಯವಾಗಿ ಹೇಳುವುದು ಬಿಳಿ ರಕ್ತಕಣಗಳ ಕುಚ್ಚಿನ ಸರಾಸರಿ ಉದ್ದವನ್ನು. ಒಂದೇ ವಯಸ್ಸಿನ ಇಬ್ಬರಲ್ಲಿ ಸಾವಿರಾರು ಅಕ್ಷರದ ವ್ಯತ್ಯಾಸ ಇರಬಹುದು. ಅಗ್ಗದ ವಿಧಾನದಲ್ಲಿ ಒಂದೇ ಸ್ಯಾಂಪಲ್ಲನ್ನು ಎರಡು ದಿನ ಓಡಿಸಿದರೆ ಎರಡು ಉತ್ತರ ಬಂದಿದ್ದನ್ನು ನಾನೇ ನೋಡಿದ್ದೇನೆ. ಸ್ಕಾಟ್ ಕೆಲಿ ಅನ್ನುವ ಗಗನಯಾತ್ರಿ 340 ದಿನ ಬಾಹ್ಯಾಕಾಶದಲ್ಲಿದ್ದಾಗ ಟೆಲೊಮಿಯರ್ ಉದ್ದವಾಯಿತು, ಭೂಮಿಗೆ ಇಳಿದ ಮೇಲೆ ಬೇಗನೆ ಮತ್ತೆ ಗಿಡ್ಡವಾಯಿತು. ಅಲ್ಲಿ ಅವರಿಗೆ ವಯಸ್ಸು ಕಡಿಮೆಯಾಗಿತ್ತು ಅಂತೀರಾ?

ಹಳೇಛತ್ರಿ

ಪರೀಕ್ಷೆಯೇ ದಂಡ ಅನ್ನಬೇಡಿ ಅಕ್ಕ, ನಮ್ಮ ಮನೆಗೆ ಬೇಕಾಯಿತು. ಅಜ್ಜನಿಗೆ ಅರವತ್ತರ ಮೇಲೆ ಉಬ್ಬಸ ಬಂತು, ಬೀಡಿಯಿಂದ ಅಂದುಕೊಂಡೆವು. ಅಪ್ಪ ಬೀಡಿ ಮುಟ್ಟಿದವರಲ್ಲ. ಐವತ್ತೈದಕ್ಕೇ ಶ್ವಾಸಕೋಶ ನಾರುಗಟ್ಟಿತು. ತಮ್ಮನಿಗೆ ಇಪ್ಪತ್ತೆರಡಕ್ಕೆ ತಲೆ ಬೆಳ್ಳಗಾಯಿತು. 'ಬುದ್ಧಿ ಜಾಸ್ತಿ' ಅಂತ ನಗುತ್ತಿದ್ದೆವು. ಇಪ್ಪತ್ತೆಂಟಕ್ಕೆ ಪ್ಲೇಟ್‌ಲೆಟ್ ಕುಸಿಯಿತು. ಅಸ್ಥಿಮಜ್ಜೆಯ ಡಾಕ್ಟರು ಮೂರು ತಲೆಮಾರಿನ ಕಥೆ ಕೇಳಿ ಟೆಲೊಮಿಯರ್ ಅಳೆಸಿದರು. ಅವನ ವಯಸ್ಸಿನ ನೂರು ಜನರಲ್ಲಿ ಅತಿ ಗಿಡ್ಡ ಅವನದು. ಟೆಲೊಮರೇಸಿನ ಜೀನಿನಲ್ಲೇ ದೋಷ. ಮಕ್ಕಳಿಗೆ ದೋಷದ ಜೀನಿನ ಜೊತೆ ಗಿಡ್ಡ ಕುಚ್ಚೂ ಬರುವುದರಿಂದ ತಲೆಮಾರಿಂದ ತಲೆಮಾರಿಗೆ ಕಾಯಿಲೆ ಬೇಗ ಬರುತ್ತದಂತೆ.

ಗೊತ್ತಾಗಿದ್ದಕ್ಕೆ ಏನು ಲಾಭ ಅಂದರೆ, ಮಜ್ಜೆ ಕಸಿಗೆ ಮುಂಚೆ ಕೊಡುವ ಔಷಧಿಯ ಡೋಸ್ ಇಳಿಸಿದರು. ಇಂಥವರಿಗೆ ಮಾಮೂಲಿ ಡೋಸ್ ತಡೆಯುವುದಿಲ್ಲ. ದಾನಿಯಾಗಲು ಬಂದ ನನ್ನನ್ನೂ ಮೊದಲು ಪರೀಕ್ಷಿಸಿದರು. ನನ್ನದು ಸರಿ ಇತ್ತು. ಅದು ಗೊತ್ತಾದ ದಿನ ಖುಷಿಪಡಲೋ ಬೇಡವೋ ತಿಳಿಯಲಿಲ್ಲ.

ಪಿಪೆಟ್ಅಕ್ಕ

ಒಪ್ಪಿದೆ, ನನ್ನ ಮಾತು ಅರ್ಧ ಆಗಿತ್ತು. ಕಾರಣ ಇಟ್ಟುಕೊಂಡು ಡಾಕ್ಟರು ಬರೆದ ಪರೀಕ್ಷೆ ಬೇರೆ, ವಾಕಿಂಗ್‌ನಲ್ಲಿ ಮಾರುವ ಪರೀಕ್ಷೆ ಬೇರೆ. ನಿಮ್ಮ ತಮ್ಮ ಈಗ ಹೇಗಿದ್ದಾರೆ?

ಹಳೇಛತ್ರಿ

ಕಸಿಯಾಗಿ ಒಂದೂವರೆ ವರ್ಷ. ಕೂದಲು ಉದುರಿ ಮತ್ತೆ ಬಂತು, ಬೆಳ್ಳಗೇ ಬಂತು. ಶ್ವಾಸಕೋಶದ ಮೇಲೆ ಒಂದು ಕಣ್ಣಿಟ್ಟಿದ್ದಾರೆ.

ಮೊಸರನ್ನ

ಟೆಲೊಮರೇಸನ್ನು ನಿಲ್ಲಿಸುವ ಔಷಧಿ ಬಂದಿದೆ ಅಂತ ಓದಿದ ನೆನಪು?

ಪಿಪೆಟ್ಅಕ್ಕ

ಇಮೆಟೆಲ್‌ಸ್ಟ್ಯಾಟ್. 2024ರ ಜೂನಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲ ಕ್ಯಾನ್ಸರಿಗೂ ಅಲ್ಲ, ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಒಂದು ಬಗೆಯ ಮಜ್ಜೆಯ ಕಾಯಿಲೆಗೆ. ಕುಚ್ಚು ಕಟ್ಟುವುದನ್ನು ನಿಲ್ಲಿಸಿದ ಮಾತ್ರಕ್ಕೆ ಗಡ್ಡೆ ಅವತ್ತೇ ಸಾಯುವುದಿಲ್ಲ ನೋಡಿ. ಇರುವ ಕುಚ್ಚು ಸವೆಯುವ ತನಕ ಕಾಯಬೇಕು. ಅಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ.

ಕೆರೆಏರಿ

ಇವತ್ತಿನ ಸುದ್ದಿ. ಒಡೆಯದ ಡಬ್ಬಿಯನ್ನು ಸ್ನೇಹಿತರು ವಾಪಸ್ ತೆಗೆದುಕೊಂಡರು, ಮುಖ ಊದಿಸಿಕೊಂಡೇ. ಒಡೆದದ್ದು ನಮ್ಮ ಪಾಲಿಗೆ. ಅದರ ಲೇಬಲ್ಲಿನ ಫೋಟೋ ತೆಗೆದು ಅಪ್ಪನ ಫೈಲಿಗೆ ಹಾಕಿದ್ದೇನೆ. ಹದಿನೆಂಟಕ್ಕೆ ಕೊಲೊನೊಸ್ಕೋಪಿ ಇದೆ, ಡಾಕ್ಟರಿಗೆ ತೋರಿಸುತ್ತೇವೆ. ಅಪ್ಪ ನಾಳೆಯಿಂದ ಕೆರೆಯನ್ನು ಎಡಗಡೆಯಿಂದ ಸುತ್ತುತ್ತಾರಂತೆ. ಸ್ನೇಹಿತರು ಬಲಗಡೆಯಿಂದ ಸುತ್ತುವವರು. ಎರಡು ಸಲ ಎದುರಾಗುತ್ತಾರೆ ಅಂತ ಲೆಕ್ಕ ಹಾಕಿ ಹೇಳಿದೆ, ಇನ್ನೂ ಯೋಚನೆ ಮಾಡುತ್ತಿದ್ದಾರೆ.