ಸಹಾಯ ಬೇಕು: ಬಿಸಿ ಅನಿಲದಿಂದ ಗೆಲಾಕ್ಸಿ ಗುಚ್ಛದ ದ್ರವ್ಯರಾಶಿ ಲೆಕ್ಕ

ನಮಸ್ಕಾರ. ಖಭೌತ ವಿಜ್ಞಾನ ಓದಿದವರು ದಯವಿಟ್ಟು ನೋಡಿ.

ಕೋಮಾ ಎಂಬ ಗೆಲಾಕ್ಸಿ ಗುಚ್ಛದ (ಗುರುತ್ವದಿಂದ ಒಟ್ಟಾಗಿರುವ ಗೆಲಾಕ್ಸಿಗಳ ಗುಂಪು) ಅನಿಲ ಸುಮಾರು 9 ಕೋಟಿ ಡಿಗ್ರಿ ಕಾದಿದೆ, ಎಕ್ಸ್‌-ರೇ ಸೂಸುತ್ತದೆ. ಇಷ್ಟು ಬಿಸಿಯಾದದ್ದು ಚದುರಿಹೋಗದೆ ನಿಂತಿದೆ ಎಂದರೆ ಹಿಡಿದಿಟ್ಟ ಗುರುತ್ವವೂ ಅಷ್ಟೇ ದೊಡ್ಡದಿರಬೇಕು. ಗೆಲಾಕ್ಸಿಗಳ ವೇಗ ನೋಡಿ 1933ರಲ್ಲಿ ಖಗೋಳ ವಿಜ್ಞಾನಿ ಜ್ವಿಕಿ ಹೇಳಿದ ಕಾಣದ ದ್ರವ್ಯವೇ ಇಲ್ಲೂ ಬೇಕಾಗುತ್ತದೆ. ಬೇರೆ ಬೇರೆ ದಾರಿಗಳು ಒಂದೇ ಕಡೆ ಬಂದು ಸೇರುವುದು ನಿಜಕ್ಕೂ ಅದ್ಭುತ!

ತೊಡಕು ಇಲ್ಲಿದೆ. ಅನಿಲದ ಒತ್ತಡ, ಗುರುತ್ವ ಎರಡೂ ಸರಿದೂಗಿವೆ ಎಂದುಕೊಂಡೇ ಲೆಕ್ಕ ಹಾಕುತ್ತಾರೆ. ಆದರೆ ಕೋಮಾದೊಳಕ್ಕೆ ಇನ್ನೊಂದು ಸಣ್ಣ ಗುಂಪು ಬಂದು ಬೀಳುತ್ತಿದೆಯಲ್ಲ? ಅನಿಲ ಕಲಕಿದ್ದರೆ ಗುರುತ್ವಕ್ಕೆ ಎದುರಾಗಿ ಆ ಚಲನೆಯೂ ಒಂದಿಷ್ಟು ಭಾರ ಹೊರುತ್ತದೆ. ಅದನ್ನು ಲೆಕ್ಕದಲ್ಲಿ ಬಿಟ್ಟರೆ ದ್ರವ್ಯರಾಶಿ ಕಡಿಮೆ ಬರುತ್ತದೆ. ಪರ್ಸಿಯಸ್‌ ಗುಚ್ಛದ ನಡುವೆ ಹಿಟೋಮಿ ಎಂಬ ಎಕ್ಸ್‌-ರೇ ಉಪಗ್ರಹ ಅಳೆದ ಅನಿಲದ ಕಲಕಾಟದ ವೇಗ ಸೆಕೆಂಡಿಗೆ ಸುಮಾರು 164 ಕಿ.ಮೀ. ಮಾತ್ರ. ಗುಚ್ಛದ ಅಂಚಿನಲ್ಲಿ ಇದು ಎಷ್ಟಿರಬಹುದು? ಗುರುತ್ವ ಮಸೂರದ (ಗುಚ್ಛದ ಗುರುತ್ವ ಹಿಂದಿನ ಗೆಲಾಕ್ಸಿಗಳ ಬೆಳಕನ್ನು ಬಾಗಿಸುವುದು) ಲೆಕ್ಕದೊಂದಿಗೆ ಹೇಗೆ ಹೊಂದಿಸುತ್ತಾರೆ? ಸಮೀಕರಣ ಸಮೇತ ವಿವರಿಸಿದರೆ ತುಂಬಾ ಉಪಕಾರ.