ಟರ್ಪೆಂಟೈನ್‌ನಿಂದ ಕರ್ಪೂರಕ್ಕೆ, ವಯಾ ಕ್ಯಾಂಫೀನ್

ಸೀನನ ಮನೆಗೆ ಬಣ್ಣ ಹೊಡೆಯುತ್ತಿದ್ದರು. ಟರ್ಪೆಂಟೈನ್ ಘಾಟು ತಡೆಯಲಾರದೆ ಎಲ್ಲರೂ ಜಗಲಿಗೆ ಬಂದು ಕೂತೆವು.

"ಮೂಗು ಮುಚ್ಕೋಬೇಡ್ರೋ. ಪೂಜೆಗೆ ಹಚ್ಚೋ ಕರ್ಪೂರ ಈಗ ಬಹುಪಾಲು ಇದರಿಂದಲೇ ಆಗೋದು" ಎಂದ ಮೂರ್ತಿ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾನೆ. ಬಿಡುವಿದ್ದಾಗ ನಮಗೂ ಮಾಡುತ್ತಾನೆ.

"ಕರ್ಪೂರದ ಮರ ಅಂತ ಇದೆಯಲ್ಲೋ?"

"ಇದೆ. ಆದರೆ ಟರ್ಪೆಂಟೈನ್ ಅಗ್ಗ. ಅದರಲ್ಲಿರೋ ಆಲ್ಫಾ-ಪೈನೀನ್‌ಗೆ 10 ಕಾರ್ಬನ್. ಕರ್ಪೂರಕ್ಕೂ 10. ಕೂತ ಜಾಗ ಬೇರೆ, ಒಂದು ಆಕ್ಸಿಜನ್ ಜಾಸ್ತಿ."

"ಜಾಗ ಬದಲಾಯಿಸಿದ್ದು ಯಾರಪ್ಪಾ?"

"ಆಸಿಡ್ ಕೊಡೋ ಪ್ರೋಟಾನ್, ಅಂದ್ರೆ ಎಲೆಕ್ಟ್ರಾನ್ ಕಳಕೊಂಡ ಹೈಡ್ರೋಜನ್. ಎಲೆಕ್ಟ್ರಾನ್ ಅಂದ್ರೆ ಬಾಯಿ ಬಿಡುತ್ತೆ. ಪೈನೀನಲ್ಲಿ ಎರಡು ಜೊತೆ ಎಲೆಕ್ಟ್ರಾನ್ ಇರೋ ಡಬಲ್ ಬಾಂಡ್ ಕಂಡಿತೋ, ಹೋಗಿ ಅಂಟಿಕೊಳ್ಳುತ್ತೆ. ಪಕ್ಕದ ಕಾರ್ಬನ್ ಪ್ಲಸ್ ಆಗುತ್ತೆ. ಬಸ್ಸಲ್ಲಿ ಕಿಟಕಿ ಸೀಟು ಖಾಲಿಯಾದ್ರೆ ಪಕ್ಕದವನು ಜರುಗ್ತಾನಲ್ವಾ? ಈಗ ಖಾಲಿ ಇರೋದು ಅವನು ಬಿಟ್ಟ ಜಾಗ. ಹಾಗೇ ಒಂದು ಬಾಂಡ್ ಈಚೆ ಜರುಗುತ್ತೆ, ಪ್ಲಸ್ ಆಚೆ ಹೋಗುತ್ತೆ. ಈ ಜರುಗಾಟಕ್ಕೆ ಇಬ್ಬರು ಕೆಮಿಸ್ಟರ ಹೆಸರು, ವಾಗ್ನರ್-ಮೇರ್ವೈನ್ ರೀಅರೇಂಜ್‌ಮೆಂಟ್. ನಡುವೆ ಇಂಥ ಪ್ಲಸ್ ಅಯಾನ್ ಬಂದು ಹೋಗುತ್ತೆ ಅಂತ 1922ರಲ್ಲಿ ಮೇರ್ವೈನ್ ಹೇಳಿದ್ದು ಪೈನೀನ್‌ಗೂ ಕರ್ಪೂರಕ್ಕೂ ನಡುವೆ ಸಿಗೋ ಕ್ಯಾಂಫೀನ್ ಸಂಸಾರವನ್ನ ನೋಡಿಯೇ."

ನಾಗ ಬಿ.ಎಸ್ಸಿ. ಓದಿದವನು. ಸುಮ್ನೆ ಬಿಡಲಿಲ್ಲ. "ಪೈನೀನಲ್ಲಿ ಪ್ಲಸ್ ಮೊದಲೇ ಟರ್ಷಿಯರಿ, ಅಂದ್ರೆ ಮೂರು ಕಾರ್ಬನ್ ಅಂಟಿಕೊಂಡಿರೋ ಕಾರ್ಬನ್ ಮೇಲಿರುತ್ತೆ. ಅದಕ್ಕಿಂತ ಆರಾಮದ ಜಾಗ ಇಲ್ಲ. ಯಾಕೆ ಏಳಬೇಕು?"

"ಪಕ್ಕದಲ್ಲೇ ನಾಲ್ಕು ಕಾರ್ಬನ್ನಿನ ಉಂಗುರ ಇದೆ ಮಾರಾಯ. ಬಾಂಡುಗಳೆಲ್ಲ ಬಗ್ಗಿ ಬಗ್ಗಿ ಸೊಂಟ ಹಿಡಿದಿರುತ್ತೆ. ಒಂದು ಜರುಗಿದರೆ ಐದರ ಉಂಗುರ. ಆ ಸುಖಕ್ಕೆ ಪ್ಲಸ್ಸಿಗೆ ಎರಡೇ ಕಾರ್ಬನ್ ಅಂಟಿಕೊಂಡಿರೋ ಸೆಕೆಂಡರಿ ಜಾಗ ಆದರೂ ಸೈ. ಆಮೇಲೆ ಇನ್ನೊಮ್ಮೆ ಜರುಗಿ, ಪ್ರೋಟಾನ್ ಕೈಬಿಟ್ಟು ಕ್ಯಾಂಫೀನ್. ಅದನ್ನ ಆಸಿಡ್ ಜೊತೆ ಅಸಿಟಿಕ್ ಆಸಿಡ್‌ಗೆ ಹಾಕು, ಆ ಎರಡನೇ ಜರುಗಾಟ ಪೂರ್ತಿ ವಾಪಸ್! ಮೊದಲು ಐಸೋಬಾರ್ನೈಲ್ ಅಸಿಟೇಟ್, ಅದರಿಂದ ಐಸೋಬಾರ್ನಿಯಾಲ್, ಅದರಿಂದ ಕರ್ಪೂರ."

"ವಾಪಸ್ ಬರೋದಾದ್ರೆ ಹೋಗಿದ್ದು ಯಾಕೆ?" ಎಂದ ಸೀನ.

ಮೂರ್ತಿ ಕಾಫಿ ಲೋಟಕ್ಕೆ ಕೈ ಹಾಕಿದ. ಪ್ರಶ್ನೆ ಕಷ್ಟವಾದಾಗಲೆಲ್ಲ ಅವನಿಗೆ ಬಾಯಾರುತ್ತದೆ. "ಮರದ ಕರ್ಪೂರ ಪೋಲರೈಸ್ಡ್ ಬೆಳಕನ್ನ, ಅಂದ್ರೆ ಒಂದೇ ಸಮತಲದಲ್ಲಿ ಕಂಪಿಸೋ ಬೆಳಕನ್ನ, ಬಲಕ್ಕೆ ತಿರುಗಿಸುತ್ತೆ" ಎಂದು ಮಾತನ್ನೇ ತಿರುಗಿಸಿದ. "ಫ್ಯಾಕ್ಟರೀದರಲ್ಲಿ ಸಾಮಾನ್ಯವಾಗಿ ಒಂದು ಇನ್ನೊಂದರ ಕನ್ನಡಿ ಬಿಂಬದ ಹಾಗಿರೋ ಎಡಗೈ ಬಲಗೈ ಎರಡೂ ಜಾತಿ ಸಮ ಸಮ. ಯಾವ ಕಡೆಗೂ ತಿರುಗಿಸಲ್ಲ."

"ಅಂದ್ರೆ ಮಂಗಳಾರತಿ ತಟ್ಟೆ ನಾವೇ ತಿರುಗಿಸಬೇಕು ಅನ್ನು."