ಬಾಡಿಗೆಯ ಮೇಲೆ ಸಾಲ: ಅಡಿಕೆ ತೋಟ ಅಡ ಇಡಲೇಬೇಕೇ?

ತುಂಗಾತೀರದವಳು:
ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಮ್ಮದೊಂದು ವಾಣಿಜ್ಯ ಕಟ್ಟಡವಿದೆ. ನೆಲಮಹಡಿಯಲ್ಲಿ ಬ್ಯಾಂಕ್ ಶಾಖೆ. ತಿಂಗಳಿಗೆ 1,20,000 ರೂಪಾಯಿ ಬಾಡಿಗೆ, ನೋಂದಾಯಿತ ಕರಾರಿನಲ್ಲಿ ಇನ್ನೂ 9 ವರ್ಷ ಬಾಕಿ. ಮೇಲಿನ ಕೋಚಿಂಗ್ ಕೇಂದ್ರದ್ದು 11 ತಿಂಗಳ ಕರಾರು, ಬಾಡಿಗೆ ನಗದಿನಲ್ಲಿ. ಎರಡನೇ ಮಹಡಿ ಕಟ್ಟಲು ಸಾಲ ಬೇಕು. ಒಂದು ಕಡೆ ತೀರ್ಥಹಳ್ಳಿಯ ತೋಟವನ್ನೂ ಭದ್ರತೆಗೆ ಕೇಳುತ್ತಿದ್ದಾರೆ. ಇನ್ನೊಂದು ಕಡೆ ಲೀಸ್ ರೆಂಟಲ್ ಡಿಸ್ಕೌಂಟಿಂಗ್, ಅಂದರೆ ಮುಂದೆ ಬರುವ ಬಾಡಿಗೆಯ ಆಧಾರದ ಮೇಲೆ ಸಾಲ, ಎನ್ನುತ್ತಿದ್ದಾರೆ. ಅಪ್ಪ ನೆಟ್ಟ ತೋಟ, ಅದನ್ನು ಅಡ ಇಡಲು ಮನಸ್ಸು ಬರುತ್ತಿಲ್ಲ. ಬರಿಯ ಬಾಡಿಗೆಯ ಮೇಲೆ ಸಾಲ ಸಿಗುತ್ತದೆಯೇ?

ನಿವೃತ್ತ ಸಾಲಾಧಿಕಾರಿ, ವಿನೋಬನಗರ:
ಸಿಗುತ್ತದೆ. ದಯವಿಟ್ಟು ತೋಟದ ಪಹಣಿಯನ್ನು ಬ್ಯಾಂಕಿನ ಮೇಜಿನ ಮೇಲೆ ಇಡಲೇಬೇಡಿ.

ಈ ಸಾಲದಲ್ಲಿ ಮುಂದೆ ಬರುವ ಬಾಡಿಗೆಯೇ ಆಧಾರ. ನಿಮ್ಮ 9 ವರ್ಷದ ಬಾಡಿಗೆ ಒಟ್ಟು 1 ಕೋಟಿ 29 ಲಕ್ಷ 60 ಸಾವಿರ. ಶೇ 10ರ ಬಡ್ಡಿ ಹಿಡಿದು ಲೆಕ್ಕ ಹಾಕಿದರೆ ಅದರ ಇಂದಿನ ಮೌಲ್ಯ, ಅಂದರೆ ಆ ಹಣವೆಲ್ಲ ಇಂದೇ ಕೈಗೆ ಬಂದರೆ ಎಷ್ಟಕ್ಕೆ ಸಮ ಎಂಬುದು, ಸುಮಾರು 85 ಲಕ್ಷ. ಸಾಲ ಕೊಡುವ ಬ್ಯಾಂಕ್ ಅದರಲ್ಲಿ ಒಂದು ಪಾಲನ್ನಷ್ಟೇ ಕೊಡುತ್ತದೆ. ಕಟ್ಟಡ ಅಡಮಾನವಾಗುತ್ತದೆ, ಬಾಡಿಗೆ ನೇರವಾಗಿ ಎಸ್ಕ್ರೋ ಖಾತೆಗೆ (ಸಾಲ ಕೊಟ್ಟವರ ಹಿಡಿತದಲ್ಲಿರುವ ಪ್ರತ್ಯೇಕ ಖಾತೆಗೆ) ಬಂದು, ಕಂತು ಕಳೆದು ಉಳಿದದ್ದು ನಿಮ್ಮ ಕೈಗೆ. ಬಾಡಿಗೆದಾರರು ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುವುದರಿಂದ ಖಾತೆಗೆ ಬೀಳುವುದು 1,08,000. ಕಂತನ್ನು ಈ ಮೊತ್ತಕ್ಕೆ ಹೊಂದಿಸಿಕೊಳ್ಳಿ.

ಈಗ ಕರಾರು ಪತ್ರ ತೆಗೆದು ಲಾಕ್-ಇನ್ ಷರತ್ತನ್ನು, ಅಂದರೆ ಎಷ್ಟು ಕಾಲ ಕರಾರು ಬಿಟ್ಟು ಹೋಗುವಂತಿಲ್ಲ ಎಂಬುದನ್ನು, ಓದಿ. ಇಂಥ ಎಷ್ಟೋ ಪತ್ರಗಳಲ್ಲಿ ಮಾಲೀಕರು ಪೂರ್ತಿ ಅವಧಿಗೆ ಬದ್ಧರು, ಬಾಡಿಗೆದಾರರು ಮಾತ್ರ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಹಾಗಿದ್ದರೆ 9 ವರ್ಷ ಎಂಬುದು ಕಾಗದದ ಮೇಲಿನ ಮಾತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ವಿಲೀನವಾದ ಮೇಲೆ ಅಕ್ಕಪಕ್ಕದ ಶಾಖೆಗಳು ಒಂದಾಗಿ, ಕಟ್ಟಡಗಳು ಖಾಲಿ ಬಿದ್ದವು. ಸ್ಟ್ರಾಂಗ್ ರೂಮ್ ಕಟ್ಟಿಸಿದ ಮಳಿಗೆಗೆ ನಮ್ಮೂರಿನಲ್ಲಿ ಬೇರೆ ಬಾಡಿಗೆದಾರರು ಬೇಗ ಸಿಗುವುದಿಲ್ಲ; ಅಷ್ಟು ದಿನ ಕಂತು ಕಟ್ಟಬೇಕಾದವರು ನೀವೇ. ಆದ್ದರಿಂದ ಬ್ಯಾಂಕ್ ಎಷ್ಟು ಕೊಡಲು ಸಿದ್ಧವಿದ್ದರೂ ಮಹಡಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಿ.

ಗಾಂಧಿ ಬಜಾರಿನ ಲೆಕ್ಕಿಗ:
ಮೇಲಿನವರ ಮಾತು ಒಪ್ಪತಕ್ಕದ್ದೇ. ಕೋಚಿಂಗ್ ಕೇಂದ್ರದ ಬಾಡಿಗೆಯನ್ನೂ ಲೆಕ್ಕಕ್ಕೆ ತನ್ನಿ. ಅವರಿಂದ ದೀರ್ಘಾವಧಿಯ ಕರಾರು ಮಾಡಿಸಿ. ಒಂದು ವರ್ಷಕ್ಕೂ ಮೀರಿದ್ದಾದರೆ ನೋಂದಣಿ ಕಡ್ಡಾಯ. ಈ ತಿಂಗಳಿನಿಂದಲೇ ಬಾಡಿಗೆಯನ್ನು ಖಾತೆಗೆ ಹಾಕಿಸಿಕೊಳ್ಳಿ, ನಗದಾಗಿ ಬಂದದ್ದನ್ನು ಸಾಲ ಕೊಡುವವರು ನಂಬುವುದಿಲ್ಲ. ಖಾತೆಯ ವಿವರಗಳನ್ನು ಈಗ ಅಕೌಂಟ್ ಅಗ್ರಿಗೇಟರ್ (ಖಾತೆಯ ಮಾಹಿತಿಯನ್ನು ಸಾಲ ಕೊಡುವವರಿಗೆ ತಲುಪಿಸುವ ಸಂಸ್ಥೆ) ಮೂಲಕ ಮೊಬೈಲ್‌ನಲ್ಲಿ ಒಪ್ಪಿಗೆ ಕೊಟ್ಟು ಕಳುಹಿಸಬಹುದು. 2021ರಲ್ಲಿ ಬಳಕೆಗೆ ಬಂದ ವ್ಯವಸ್ಥೆ ಇದು. ಯಾವ ಮಾಹಿತಿ, ಎಷ್ಟು ದಿನಕ್ಕೆ ಎಂಬುದು ಒಪ್ಪಿಗೆಯಲ್ಲೇ ಇರುತ್ತದೆ, ಬೇಡವೆನಿಸಿದರೆ ಹಿಂಪಡೆಯಬಹುದು.

ಸಾಗರದ ಓದುಗ:
ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕ್ ಆಸ್ತಿಯ ಮೂಲ ಪತ್ರಗಳನ್ನು ಹಿಂತಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ಅದು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ಕೊಟ್ಟ ಪ್ರತಿ ಪತ್ರಕ್ಕೂ ಸ್ವೀಕೃತಿ ಬರೆಸಿಕೊಳ್ಳಿ.

ತುಂಗಾತೀರದವಳು:
ಪತ್ರ ಓದಿದೆ. ಅದೇ ಮೂರು ತಿಂಗಳ ನೋಟಿಸ್ ಷರತ್ತು ನಮ್ಮದರಲ್ಲೂ ಇದೆ. ಐದು ವರ್ಷದ ಲಾಕ್-ಇನ್ ಹಾಕಿ ತಿದ್ದುಪಡಿ ಪತ್ರ ಮಾಡಿಕೊಡುತ್ತೀರಾ ಎಂದು ಶಾಖೆಯವರಿಗೆ ಬರೆದಿದ್ದೇನೆ. ಹೇಗೂ ಮಳೆಗಾಲ ಮುಗಿಯುವವರೆಗೆ ಸೆಂಟ್ರಿಂಗ್ ಕೆಲಸ ಶುರುವಾಗುವುದಿಲ್ಲ, ಅವರ ಉತ್ತರಕ್ಕೆ ಕಾಯುತ್ತೇನೆ.